ರೈಲಿನ ದಾರಿ ಬದಲಿಸುವುದು ಯಾರು? ಆಟದ ರೈಲಿನ ಒಂದು ಪಾಯಿಂಟ್ ಕಟ್ಟಿ ನೋಡಿದರೆ ಗೊತ್ತಾಗುತ್ತದೆ

ದೇಶದ ಯಾವ ಮೂಲೆಯಲ್ಲೇ ರೈಲು ಅಪಘಾತವಾಗಲಿ, ಅರ್ಧ ಗಂಟೆಯೊಳಗೆ ನಮ್ಮ ಮೊಬೈಲಿಗೆ ಮೆಸೇಜುಗಳ ಸುರಿಮಳೆ ಶುರುವಾಗುತ್ತದೆ. "ಡ್ರೈವರ್ ನಿದ್ದೆಗಣ್ಣಲ್ಲಿ ಬೇರೆ ಹಳಿಗೆ ತಿರುಗಿಸಿದನಂತೆ." "ಸ್ಟೇಷನ್ ಮಾಸ್ತರ್ ತಪ್ಪು ಬಟನ್ ಒತ್ತಿದರಂತೆ." "ಯಾರೋ ಮೊಬೈಲಿನಿಂದಲೇ ಹ್ಯಾಕ್ ಮಾಡಿ ಹಳಿ ಬದಲಿಸಿದರಂತೆ, ಎಲ್ಲ ಗ್ರೂಪಿಗೂ ಕಳಿಸಿ."

ಈ ಮೂರೂ ಮಾತುಗಳ ನಡುವೆ ಇರುವುದು ಒಂದೇ ವಸ್ತು: ಹಳಿಯ ಪಾಯಿಂಟ್. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದವರಿಗೆ ಇಂಥ ಮೆಸೇಜಿನಲ್ಲಿ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ಕೂಡಲೇ ಹೊಳೆಯುತ್ತದೆ. ಇದನ್ನು ತಿಳಿಯಲು ರೈಲ್ವೆ ಇಲಾಖೆಗೆ ಸೇರಬೇಕಿಲ್ಲ. ಮನೆಯ ಟೇಬಲ್ ಮೇಲೆ ಆಟದ ರೈಲಿನ ಒಂದು ಪಾಯಿಂಟ್ ಕಟ್ಟಿ, ಅದನ್ನು ಡಿಜಿಟಲ್ ಆಗಿ ಓಡಿಸಿ ನೋಡಿದರೆ ಸಾಕು.

ಪಾಯಿಂಟ್ ಅಂದರೆ ಏನು?

ನರಗುಂದ, ರೋಣದ ರೈತರಿಗೆ ಇದನ್ನು ಹೇಳುವುದು ಸುಲಭ. ಮಲಪ್ರಭಾ ಕಾಲುವೆಯ ನೀರು ಯಾವ ಹೊಲದ ಕಡೆ ಹೋಗಬೇಕು ಎಂದು ನೀರು ತೀರ್ಮಾನಿಸುವುದಿಲ್ಲ. ತೂಬಿನ ಬಾಗಿಲು ಯಾವ ಕಡೆ ತೆರೆದಿದೆಯೋ ಆ ಕಡೆ ಹರಿಯುತ್ತದೆ. ರೈಲೂ ಹಾಗೆಯೇ. ಅದು ಹಳಿ ತೋರಿಸಿದ ಕಡೆ ಹೋಗುತ್ತದೆ.

ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗದಲ್ಲಿ ಎರಡು ಉದ್ದನೆಯ, ತುದಿ ಚೂಪಾದ ಹಳಿ ತುಂಡುಗಳಿರುತ್ತವೆ. ನಾಲಿಗೆಯಂತೆ ಕಾಣುವ ಈ ಎರಡೂ ತುಂಡುಗಳು ಅಡ್ಡ ಸರಳುಗಳಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಸರಳನ್ನು ಒಂದು ಕಡೆ ಎಳೆದರೆ ಎಡಗಡೆಯ ನಾಲಿಗೆ ಪಕ್ಕದ ಹಳಿಗೆ ಅಂಟಿಕೊಳ್ಳುತ್ತದೆ, ಬಲಗಡೆಯದು ದೂರ ಸರಿಯುತ್ತದೆ. ಇನ್ನೊಂದು ಕಡೆ ತಳ್ಳಿದರೆ ಉಲ್ಟಾ. ರೈಲಿನ ಗಾಲಿಯ ಒಳಅಂಚು ಆ ನಾಲಿಗೆಯನ್ನು ಅನುಸರಿಸಿ ನೇರಕ್ಕೋ ಪಕ್ಕದ ಹಳಿಗೋ ಹೋಗುತ್ತದೆ.

ಅಂದರೆ ರೈಲಿನ ಎಂಜಿನ್ನಿನಲ್ಲಿ ಸ್ಟಿಯರಿಂಗ್ ಇಲ್ಲ. ಲೋಕೋ ಪೈಲಟ್ ಕೈಯಲ್ಲಿರುವುದು ವೇಗ, ಬ್ರೇಕು ಮತ್ತು ಹಾರನ್ನು. ರೈಲನ್ನು ಬೇರೆ ಹಳಿಗೆ ತಿರುಗಿಸುವ ಶಕ್ತಿ ಅವರಿಗಿಲ್ಲ. ಕೆಂಪು ಸಿಗ್ನಲ್ ದಾಟಿ ಹೋಗುವಂಥ ತಪ್ಪು ಅವರಿಂದ ಆಗಬಹುದು, ಅದು ಬೇರೆ ವಿಷಯ. ಆದರೆ "ಡ್ರೈವರ್ ಬೇರೆ ಹಳಿಗೆ ತಿರುಗಿಸಿದ" ಎನ್ನುವ ಮೆಸೇಜ್ ಮೊದಲ ಸಾಲಿನಲ್ಲೇ ಸುಳ್ಳು.

ನಮ್ಮ ಕಡೆಯ ಹಳಿ

ಗದಗ ಮತ್ತು ಹೋಟಗಿ ನಡುವಿನ ಹಳಿ ಹಾಕಲೆಂದೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರಗಾಲದಲ್ಲಿ ಧಾನ್ಯ ಸಾಗಿಸಲು ಅನುಕೂಲವಾಗಲೆಂದು ಯೋಜಿಸಿದ ಮಾರ್ಗಗಳಲ್ಲಿ ಇದೂ ಒಂದು. 1884ರಲ್ಲಿ ಸಂಚಾರಕ್ಕೆ ತೆರೆಯಿತು. ಆಗ ಇದು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಈಗ ಇದು ಬ್ರಾಡ್ ಗೇಜ್, 1676 ಮಿಲಿಮೀಟರ್. ರೋಣ ತಾಲೂಕಿನ ಮಲ್ಲಾಪುರ ಮತ್ತು ಹೊಳೆಆಲೂರು ನಿಲ್ದಾಣಗಳು ಇದೇ ಮಾರ್ಗದಲ್ಲಿವೆ.

ನರಗುಂದ ಮತ್ತು ಗಜೇಂದ್ರಗಡ ಪಟ್ಟಣಗಳಿಗೆ ರೈಲು ನಿಲ್ದಾಣವಿಲ್ಲ. ಅಲ್ಲಿನ ಮಕ್ಕಳು ಪಾಯಿಂಟನ್ನು ಹತ್ತಿರದಿಂದ ನೋಡಿರುವುದು ಅಪರೂಪ. ನಿಲ್ದಾಣ ಇರುವ ಊರಿನ ಮಕ್ಕಳೂ ನೋಡಲು ಹಳಿಗೆ ಇಳಿಯಬಾರದು. ಹಾಗಾಗಿ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂದು ಮಾದರಿ ಕಟ್ಟುವುದೇ ಒಳ್ಳೆಯ ದಾರಿ.

ಟೇಬಲ್ ಮೇಲಿನ ಪಾಯಿಂಟ್

ಮಾದರಿ ರೈಲುಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ. ನಿಜವಾದ ರೈಲಿನ 87ನೇ ಒಂದು ಭಾಗ. ಹಳಿಗಳ ನಡುವೆ 16.5 ಮಿಲಿಮೀಟರ್. ಅಂಗಡಿಯ ಹಳಿ ದುಬಾರಿ ಅನಿಸಿದರೆ ದಪ್ಪ ರಟ್ಟು ಮತ್ತು ಹಳೆಯ ಸೈಕಲ್ ಕಡ್ಡಿಗಳಿಂದ ಬರೀ ಪಾಯಿಂಟಿನ ಮಾದರಿ ಮಾಡಿದರೂ ನಡೆಯುತ್ತದೆ. ನಮಗೆ ಬೇಕಾಗಿರುವುದು ನಾಲಿಗೆಯ ಚಲನೆ.

ಆ ನಾಲಿಗೆಯನ್ನು ಸರಿಸಲು ಸಾಮಾನ್ಯವಾಗಿ ಎರಡು ವಿಧಾನಗಳಿವೆ.

ಮೊದಲನೆಯದು ಕಾಯಿಲ್. ಎರಡು ತಂತಿ ಸುರುಳಿಗಳ ನಡುವೆ ಒಂದು ಕಬ್ಬಿಣದ ಕಡ್ಡಿ. ಒಂದು ಸುರುಳಿಗೆ ಕ್ಷಣಕಾಲ ಕರೆಂಟ್ ಕೊಟ್ಟರೆ ಕಡ್ಡಿ ಆ ಕಡೆ ಟಕ್ ಎಂದು ಹಾರುತ್ತದೆ. ಇದರಲ್ಲಿ ಒಂದು ತೊಂದರೆ ಇದೆ: ಬಟನ್ ಒತ್ತಿ ಹಿಡಿದರೆ ಸುರುಳಿ ಕಾದು ಸುಟ್ಟುಹೋಗುತ್ತದೆ.

ಎರಡನೆಯದು ಸರ್ವೋ ಮೋಟಾರ್. ಎಸ್‌ಜಿ90 ಎಂಬ ಹೆಬ್ಬೆರಳಿನಷ್ಟು ಚಿಕ್ಕ ಮೋಟಾರ್ ನೂರು-ಇನ್ನೂರು ರೂಪಾಯಿಗೆ ಸಿಗುತ್ತದೆ. ಇದು 5 ವೋಲ್ಟಿನಲ್ಲಿ ನಡೆಯುತ್ತದೆ. ಆರ್ಡುಯಿನೋದಂಥ ಚಿಕ್ಕ ಕಂಪ್ಯೂಟರ್ ಬೋರ್ಡು ಇದಕ್ಕೆ ಸೆಕೆಂಡಿಗೆ 50 ಬಾರಿ ಸಣ್ಣ ಮಿಡಿತ ಕಳಿಸುತ್ತದೆ. ಮಿಡಿತ 1 ಮಿಲಿಸೆಕೆಂಡ್ ಇದ್ದರೆ ತೋಳು ಒಂದು ಕಡೆ, 2 ಮಿಲಿಸೆಕೆಂಡ್ ಇದ್ದರೆ ಇನ್ನೊಂದು ಕಡೆ, 1.5 ಇದ್ದರೆ ನಡುವೆ. ಪಾಯಿಂಟಿಗೆ ಬೇಕಾದದ್ದು ಕೆಲವೇ ಡಿಗ್ರಿ ತಿರುಗು. ನಾಲಿಗೆ ನಿಧಾನವಾಗಿ, ನಿಜವಾದ ರೈಲ್ವೆಯಲ್ಲಿ ಸರಿಯುವಂತೆಯೇ ಸರಿಯುತ್ತದೆ.

ಒಂದು ಎಚ್ಚರಿಕೆ. ಮನೆಯ 230 ವೋಲ್ಟಿನ ಲೈನನ್ನು ಮಾದರಿಗೆ ನೇರವಾಗಿ ಎಂದೂ ಜೋಡಿಸಬೇಡಿ. ಒಳ್ಳೆಯ ಅಡಾಪ್ಟರ್ ಬಳಸಿ. ಮಕ್ಕಳ ಜೊತೆ ದೊಡ್ಡವರು ಕೂತಿರಿ.

ಡಿಜಿಟಲ್ ಅಂದರೆ ಇಲ್ಲಿ ಏನು?

ಹತ್ತು ಪಾಯಿಂಟುಗಳಿದ್ದರೆ ಹತ್ತು ಸ್ವಿಚ್ಚು, ಹತ್ತು ಜೊತೆ ತಂತಿ ಬೇಕು. ನೂರಾದರೆ? ಅದಕ್ಕೆಂದೇ ಡಿಸಿಸಿ ಎಂಬ ಪದ್ಧತಿ ಬಂತು. ಜರ್ಮನಿಯ ಲೆಂಜ್ ಕಂಪನಿಯ ಕೆಲಸವನ್ನು ಆಧರಿಸಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ 1990ರ ದಶಕದಲ್ಲಿ ಇದನ್ನು ಮಾನದಂಡವಾಗಿ ಒಪ್ಪಿಕೊಂಡಿತು. ಇದರಲ್ಲಿ ಎರಡೇ ತಂತಿ. ಅವುಗಳಲ್ಲೇ ಕರೆಂಟೂ ಹೋಗುತ್ತದೆ, ಸಂದೇಶವೂ ಹೋಗುತ್ತದೆ. ಪ್ರತಿ ಪಾಯಿಂಟಿಗೆ ಮನೆ ನಂಬರಿನಂತೆ ಒಂದು ನಂಬರ್. "7ನೇ ಪಾಯಿಂಟ್, ಎಡಕ್ಕೆ ತಿರುಗು" ಎಂಬ ಸಂದೇಶ ಎಲ್ಲರಿಗೂ ಕೇಳಿಸುತ್ತದೆ, ಆದರೆ 7ನೆಯದು ಮಾತ್ರ ತಿರುಗುತ್ತದೆ. ಸಂದೇಶದ ಅಕ್ಷರಗಳು ಎರಡೇ: ಒಂದು ಮತ್ತು ಸೊನ್ನೆ. ಚಿಕ್ಕ ಮಿಡಿತ ಒಂದು, ದೊಡ್ಡ ಮಿಡಿತ ಸೊನ್ನೆ.

ಇದು ಹೊಸ ವಿಚಾರವೇನಲ್ಲ. ಗಜೇಂದ್ರಗಡ ನೇಕಾರರ ಊರು. ಜಕಾರ್ಡ್ ಮಗ್ಗ ನೋಡಿದವರಿಗೆ ಅದರ ರಟ್ಟಿನ ಕಾರ್ಡುಗಳು ನೆನಪಿರುತ್ತವೆ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ತೂತು ಇದೆ, ತೂತು ಇಲ್ಲ ಎಂಬ ಎರಡೇ ಮಾತಿನಿಂದ ಸೀರೆಯ ಸೆರಗಿನ ಚಿತ್ತಾರವೆಲ್ಲ ಮೂಡುತ್ತದೆ. ಡಿಜಿಟಲ್ ಎಂದರೆ ಅಷ್ಟೇ.

ಹೇಳಿದ್ದು ಒಂದು, ಆಗಿದ್ದು ಇನ್ನೊಂದು

ಮಾದರಿ ಕಟ್ಟಿದವರಿಗೆ ಮೊದಲ ದಿನವೇ ಸಿಗುವ ಪಾಠ ಇದು. ಮೊಬೈಲಿನಲ್ಲಿ ಬಟನ್ ಒತ್ತಿದಿರಿ. ಪರದೆಯ ಮೇಲೆ "ಪಾಯಿಂಟ್ ತಿರುಗಿದೆ" ಎಂದು ಹಸಿರು ಗುರುತು ಬಂತು. ರೈಲು ಬಿಟ್ಟಿರಿ. ಅದು ಪಾಯಿಂಟಿನ ಮೇಲೆ ಮಗುಚಿ ಬಿತ್ತು. ಬಗ್ಗಿ ನೋಡಿದರೆ ನಾಲಿಗೆ ಮತ್ತು ಹಳಿಯ ನಡುವೆ ಒಂದು ಜೋಳದ ಕಾಳು ಸಿಕ್ಕಿಕೊಂಡಿದೆ! ನಾಲಿಗೆ ಅರ್ಧ ದಾರಿಯಲ್ಲಿ ನಿಂತಿದೆ, ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಕಂಪ್ಯೂಟರ್ ಸುಳ್ಳು ಹೇಳಲಿಲ್ಲ. "ತಿರುಗು ಎಂದು ಹೇಳಿದ್ದೇನೆ" ಎಂಬುದನ್ನಷ್ಟೇ ಅದು ತೋರಿಸಿತು. "ತಿರುಗಿದೆ" ಎಂದು ನಾವು ಓದಿಕೊಂಡೆವು. ಆಜ್ಞೆ ಬೇರೆ, ವರದಿ ಬೇರೆ.

ಇದಕ್ಕೆ ಪರಿಹಾರ ಎರಡು ಪುಟ್ಟ ಮೈಕ್ರೋಸ್ವಿಚ್ಚುಗಳು. ನಾಲಿಗೆ ಎಡಕ್ಕೆ ಪೂರ್ತಿ ಅಂಟಿದಾಗ ಒಂದು ಒತ್ತುತ್ತದೆ, ಬಲಕ್ಕೆ ಪೂರ್ತಿ ಅಂಟಿದಾಗ ಇನ್ನೊಂದು. ಈಗ ನಿಯಮ ಹೀಗೆ ಬರೆಯಬಹುದು:

ಎರಡರಲ್ಲಿ ಒಂದೇ ಒಂದು ಸ್ವಿಚ್ಚು ಒತ್ತಿದ್ದು, ಅದು ನಾವು ಕೇಳಿದ ದಿಕ್ಕಿನದೇ ಆಗಿದ್ದರೆ ಮಾತ್ರ ಸಿಗ್ನಲ್ ಹಸಿರು.

ಎರಡೂ ಒತ್ತಿಲ್ಲವೆಂದರೆ ನಾಲಿಗೆ ನಡುವೆ ಸಿಕ್ಕಿದೆ. ಸಿಗ್ನಲ್ ಕೆಂಪು.

ಎರಡೂ ಒತ್ತಿವೆ ಎಂದು ತೋರಿಸಿದರೆ ತಂತಿಯಲ್ಲಿ ದೋಷವಿದೆ. ಸಿಗ್ನಲ್ ಕೆಂಪು.

ಕರೆಂಟ್ ಹೋಗಿ ಬಂದರೂ ಇದೇ ನಿಯಮ. ನಮ್ಮ ಹಳ್ಳಿಗಳಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಅದು ಮರಳಿದಾಗ ಸರ್ವೋ ಒಮ್ಮೆ ಬೆಚ್ಚಿಬಿದ್ದಂತೆ ಅಲುಗುತ್ತದೆ. "ಕೊನೆಗೆ ಎಡಕ್ಕೆ ಇತ್ತು" ಎಂಬ ಹಳೆಯ ನೆನಪನ್ನು ನಂಬದೆ ಸ್ವಿಚ್ಚುಗಳನ್ನು ಮತ್ತೆ ಕೇಳಿಯೇ ಹಸಿರು ಕೊಡಬೇಕು. ಅನುಮಾನ ಬಂದಾಗಲೆಲ್ಲ ಕೆಂಪು: ರೈಲ್ವೆ ಸಿಗ್ನಲ್ ವ್ಯವಸ್ಥೆ ನಿಂತಿರುವುದೇ ಈ ಒಂದು ಮಾತಿನ ಮೇಲೆ.

ನಿಜವಾದ ರೈಲ್ವೆಯಲ್ಲಿ ಹೇಗೆ?

ನಿಜವಾದ ಪಾಯಿಂಟಿನ ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆಯಂಥ ಪಾಯಿಂಟ್ ಮಷೀನ್ ಇರುತ್ತದೆ. ಅದರ ಮೋಟಾರ್ ನಾಲಿಗೆಯನ್ನು ಸರಿಸುತ್ತದೆ, ಬೀಗ ಹಾಕುತ್ತದೆ, ನಂತರ ನಾಲಿಗೆ ಎಲ್ಲಿದೆ ಎಂದು ವರದಿ ಕಳಿಸುತ್ತದೆ. ಭಾರತೀಯ ರೈಲ್ವೆಯಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ನಾಲಿಗೆಯ ತುದಿಯ ಹತ್ತಿರ 5 ಮಿಲಿಮೀಟರ್ ದಪ್ಪದ ಲೋಹದ ತುಂಡು ಇಟ್ಟು ಪಾಯಿಂಟ್ ತಿರುಗಿಸುತ್ತಾರೆ. ಆಗ ಬೀಗ ಬೀಳಬಾರದು, "ಸರಿಯಾಗಿದೆ" ಎಂಬ ವರದಿಯೂ ಬರಬಾರದು. 5 ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಚಿಕ್ಕ ಕಡಲೆ ಕಾಳಿನ ದಪ್ಪ. ನೂರಾರು ಟನ್ ತೂಕದ ರೈಲಿನ ದಾರಿಯಲ್ಲಿ ಒಂದು ಕಾಳಿನಷ್ಟು ಅಂತರವನ್ನೂ ವ್ಯವಸ್ಥೆ ಒಪ್ಪಬಾರದು.

ಇದರ ಮೇಲೆ ಇನ್ನೊಂದು ಕಾವಲು ಇಂಟರ್‌ಲಾಕಿಂಗ್. ಪಾಯಿಂಟ್ ಒಂದು ಕಡೆ, ಸಿಗ್ನಲ್ ಇನ್ನೊಂದು ಕಡೆ ತೋರಿಸದಂತೆ ಎರಡನ್ನೂ ಕಟ್ಟಿಹಾಕುವ ವ್ಯವಸ್ಥೆ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆಗ ಅದು ಲಿವರ್ ಮತ್ತು ಕಬ್ಬಿಣದ ಪಟ್ಟಿಗಳ ಆಟ. ಒಂದು ಲಿವರ್ ಎಳೆದರೆ ಅದಕ್ಕೆ ವಿರುದ್ಧವಾದ ಲಿವರ್ ಅಲುಗಾಡುತ್ತಲೇ ಇರಲಿಲ್ಲ. ನಂತರ ರಿಲೇಗಳು ಬಂದವು, ಈಗ ಕಂಪ್ಯೂಟರ್. ರೈಲ್ವೆ ಸಚಿವಾಲಯ ಕೊಟ್ಟ ಮಾಹಿತಿಯಂತೆ 2023ರ ಮೇ 31ರ ಹೊತ್ತಿಗೆ ದೇಶದ 6427 ನಿಲ್ದಾಣಗಳಲ್ಲಿ ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಇತ್ತು.

ಹಾಗಾಗಿ "ಸ್ಟೇಷನ್ ಮಾಸ್ತರ್ ತಪ್ಪು ಬಟನ್ ಒತ್ತಿದರು, ಅದಕ್ಕೇ ಡಿಕ್ಕಿಯಾಯಿತು" ಎಂಬ ಮಾತನ್ನೂ ಹಾಗೇ ನಂಬುವಂತಿಲ್ಲ. ವ್ಯವಸ್ಥೆ ಸರಿಯಾಗಿದ್ದರೆ, ರೈಲು ನಿಂತಿರುವ ಹಳಿಗೆ ಇನ್ನೊಂದು ರೈಲನ್ನು ಕರೆಯಲು ಬಟನ್ ಒತ್ತಿದರೂ ಹಸಿರು ಸಿಗ್ನಲ್ ಬರುವುದಿಲ್ಲ.

ಹಾಗಾದರೆ ಬಾಲಸೋರ್ ಹೇಗಾಯಿತು?

ಇದು ನ್ಯಾಯವಾದ ಪ್ರಶ್ನೆ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿನಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಡಿಕ್ಕಿ ಹೊಡೆಯಿತು. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲೂ ಇದರಲ್ಲಿ ಸಿಕ್ಕಿಕೊಂಡಿತು. 290ಕ್ಕೂ ಹೆಚ್ಚು ಜನ ತೀರಿಕೊಂಡರು. ಕೋರಮಂಡಲ್‌ನ ವೇಗ ಆಗ ಗಂಟೆಗೆ ಸುಮಾರು 128 ಕಿಲೋಮೀಟರ್, ಅಂದರೆ ಸೆಕೆಂಡಿಗೆ 35 ಮೀಟರ್. ಲೂಪ್ ಲೈನಿನ ಪಾಯಿಂಟುಗಳ ಮೇಲೆ ಸಾಮಾನ್ಯವಾಗಿ 30 ಕಿಲೋಮೀಟರ್ ವೇಗದ ಮಿತಿ ಇರುತ್ತದೆ. ಆ ವೇಗದಲ್ಲಿ ಬರುವ ಲೋಕೋ ಪೈಲಟ್‌ಗೆ ನಾಲಿಗೆ ಯಾವ ಕಡೆ ಇದೆ ಎಂದು ಕಾಣುವ ಹೊತ್ತಿಗೆ ನಿಲ್ಲಿಸುವ ಸಮಯ ಮುಗಿದಿರುತ್ತದೆ. ಅವರು ನಂಬುವುದು ಸಿಗ್ನಲನ್ನು.

ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯ ಸಾರವನ್ನು ಸರ್ಕಾರ ಅದೇ ಜುಲೈನಲ್ಲಿ ರಾಜ್ಯಸಭೆಗೆ ತಿಳಿಸಿತು. ಹಿಂದೊಮ್ಮೆ ಸಿಗ್ನಲ್ ಸರ್ಕ್ಯೂಟ್ ಬದಲಿಸಿದಾಗ ಆದ ಲೋಪ, ಮತ್ತು 94ನೇ ಲೆವೆಲ್ ಕ್ರಾಸಿಂಗ್ ಗೇಟಿನ ತಡೆಗಂಬ ಬದಲಿಸುವ ಕೆಲಸದ ವೇಳೆ ಆದ ಲೋಪ ಸೇರಿ ತಪ್ಪು ಸಿಗ್ನಲ್ ಬಂದಿತ್ತು. ಮೇನ್ ಲೈನಿಗೆ ಹಸಿರು ಇತ್ತು. ಪಾಯಿಂಟ್ ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಸಿಬಿಐ ಮೂವರು ರೈಲ್ವೆ ನೌಕರರನ್ನು ಬಂಧಿಸಿತು.

ಇದನ್ನು ನಮ್ಮ ಟೇಬಲ್ ಮಾದರಿಯಲ್ಲೇ ಅರ್ಥಮಾಡಿಕೊಳ್ಳಬಹುದು. ಎರಡು ಮೈಕ್ರೋಸ್ವಿಚ್ಚುಗಳ ತಂತಿಗಳನ್ನು ಅದಲುಬದಲು ಮಾಡಿ ನೋಡಿ. ಕೇಳಿದ್ದಕ್ಕೂ ವರದಿಗೂ ತಾಳೆಯಾಗದೆ ಸಿಗ್ನಲ್ ಕೆಂಪಾಗುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಈಗ ಸರ್ವೋದ ಎಡ-ಬಲವನ್ನೂ ಅದಲುಬದಲು ಮಾಡಿ. ಎಲ್ಲವೂ ಪರಸ್ಪರ ಒಪ್ಪುತ್ತವೆ, ಪರದೆ ಹಸಿರು ತೋರಿಸುತ್ತದೆ, ಆದರೆ ನಾಲಿಗೆ ತಪ್ಪು ದಿಕ್ಕಿನಲ್ಲಿದೆ! ಬಾಲಸೋರಿನಲ್ಲಿ ಆದದ್ದು ಇದೇ ತಂತಿಗಳ ಕಥೆ ಎಂದಲ್ಲ, ಆದರೆ ಜಾತಿ ಇದೇ. ತಂತಿ ಸುಳ್ಳು ಹೇಳಿದರೆ ಕಂಪ್ಯೂಟರ್ ನಿಜ ಹೇಳಲಾರದು.

ಇದನ್ನು ಹಿಡಿಯಲು ಒಂದೇ ಉಪಾಯ. ತಂತಿ ಮುಟ್ಟಿದ ಪ್ರತಿ ಸಲವೂ ಒಬ್ಬರು ಪರದೆ ನೋಡಬೇಕು, ಇನ್ನೊಬ್ಬರು ಹಳಿಯ ಹತ್ತಿರ ನಿಂತು ಕಣ್ಣಾರೆ ನೋಡಿ ತಾಳೆ ಮಾಡಬೇಕು. ರೈಲ್ವೆಯಲ್ಲಿ ಈ ಪರೀಕ್ಷೆ ನಿಯಮದಲ್ಲೇ ಇದೆ. ಕೆಲಸಕ್ಕೆ ಮುಂಚೆ ಸ್ಟೇಷನ್ ಮಾಸ್ತರಿಗೆ ಲಿಖಿತವಾಗಿ ತಿಳಿಸಿ ಸಂಪರ್ಕ ಬಿಡಿಸಬೇಕು, ಮುಗಿದ ಮೇಲೆ ಪರೀಕ್ಷಿಸಿ ಮತ್ತೆ ಜೋಡಿಸಬೇಕು. ಅವಸರದಲ್ಲಿ ಈ ಹೆಜ್ಜೆ ತಪ್ಪಿದಾಗಲೇ ಅಪಾಯ ಒಳಗೆ ಬರುತ್ತದೆ.

ನಮ್ಮ ರಾಜ್ಯದಲ್ಲೇ ಬಂದಿದ್ದ ಎಚ್ಚರಿಕೆ

ಬಾಲಸೋರಿಗೆ ನಾಲ್ಕು ತಿಂಗಳು ಮುಂಚೆ, 2023ರ ಫೆಬ್ರುವರಿ 8ರಂದು, ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಒಂದು ದಾರಿಗೆ ಸಿಕ್ಕಿತ್ತು, ಪಾಯಿಂಟ್ ಇನ್ನೊಂದು ದಾರಿಗೆ ಇತ್ತು. ಲೋಕೋ ಪೈಲಟ್ ಗಮನಿಸಿ ರೈಲು ನಿಲ್ಲಿಸಿದ್ದರಿಂದ ಎದುರಿನ ಗೂಡ್ಸ್ ರೈಲಿಗೆ ಡಿಕ್ಕಿಯಾಗುವುದು ತಪ್ಪಿತು. ಮರುದಿನವೇ ನೈಋತ್ಯ ರೈಲ್ವೆಯ ಸಂಚಾರ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ವ್ಯವಸ್ಥೆಯಲ್ಲಿ ಗಂಭೀರ ಲೋಪಗಳಿವೆ, ಸರಿಪಡಿಸದಿದ್ದರೆ ದೊಡ್ಡ ಅಪಘಾತವಾದೀತು ಎಂದು ಪತ್ರ ಬರೆದರು. ಆ ಪತ್ರ ಜನರ ಕಣ್ಣಿಗೆ ಬಿದ್ದದ್ದು ಬಾಲಸೋರ್ ದುರಂತದ ನಂತರ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ಇದೇ ನೈಋತ್ಯ ರೈಲ್ವೆಯಲ್ಲೇ ನಮ್ಮ ಗದಗ, ಮಲ್ಲಾಪುರ, ಹೊಳೆಆಲೂರು ನಿಲ್ದಾಣಗಳೂ ಇವೆ.

ಮೊಬೈಲಿನಿಂದ ಹ್ಯಾಕ್ ಮಾಡಬಹುದೇ?

ಟೇಬಲ್ ಮೇಲಿನ ಪಾಯಿಂಟನ್ನು ಮೊಬೈಲಿನಿಂದ ತಿರುಗಿಸಬಹುದು, ಏಕೆಂದರೆ ಅದಕ್ಕೆ ವೈಫೈ ಕೊಟ್ಟವರು ನಾವೇ. ನಿಲ್ದಾಣದ ಇಂಟರ್‌ಲಾಕಿಂಗ್ ನಿಲ್ದಾಣದೊಳಗಿನ ಬೀಗ ಹಾಕಿದ ಕೋಣೆಯಲ್ಲಿ, ತನ್ನದೇ ಕೇಬಲ್‌ಗಳ ಮೇಲೆ ನಡೆಯುತ್ತದೆ. ಮನೆಯ ಮೊಬೈಲಿನ ಆಪ್‌ನಿಂದ ಅದಕ್ಕೆ ದಾರಿಯಿಲ್ಲ. ಯಾವ ಯಂತ್ರವೂ ದೋಷಾತೀತ ಅಲ್ಲ, ನಿಜ. ಆದರೆ ಮೇಲಿನ ಎರಡೂ ಘಟನೆಗಳಲ್ಲಿ ತಪ್ಪು ಕಂಡದ್ದು ವ್ಯವಸ್ಥೆಯ ಒಳಗೇ. ಹೊರಗಿನ ಯಾವುದೋ ಮೊಬೈಲಿನಲ್ಲಲ್ಲ.

ಬೇಕೆಂದೇ ಪಾಯಿಂಟ್ ಕೆಡಿಸುವ ಕೃತ್ಯಗಳು ನಡೆಯುವುದೇ ಇಲ್ಲ ಎಂದೂ ಅಲ್ಲ. ಅದಕ್ಕೆಂದೇ ಕಾನೂನಿದೆ. ದುರುದ್ದೇಶದಿಂದ ಪಾಯಿಂಟ್ ತಿರುಗಿಸಿದರೆ 1989ರ ರೈಲ್ವೆ ಕಾಯಿದೆಯ 150ನೇ ಕಲಂ ಪ್ರಕಾರ ಜೀವಾವಧಿ ಶಿಕ್ಷೆಯವರೆಗೂ ಆಗಬಹುದು. ಅನುಮತಿ ಇಲ್ಲದೆ ಹಳಿಗೆ ಇಳಿಯುವುದೇ 147ನೇ ಕಲಂನಡಿ ಅಪರಾಧ. ರೀಲ್ಸ್ ಮಾಡಲು ಪಾಯಿಂಟಿನ ಹತ್ತಿರ ಹೋಗುವವರು ಇನ್ನೊಂದನ್ನೂ ತಿಳಿದಿರಲಿ. ದೂರದಿಂದ ನಡೆಯುವ ಪಾಯಿಂಟ್ ಮುನ್ಸೂಚನೆ ಕೊಡದೆ ಸರಿಯುತ್ತದೆ. ನಡುವೆ ಕಾಲು ಸಿಕ್ಕಿದರೆ ತೆಗೆಯಲಾಗದು.

ಫಾರ್ವರ್ಡ್ ಮಾಡುವ ಮುಂಚೆ

ಬಾಲಸೋರ್ ಅಪಘಾತದ ನಂತರ ಹಳಿಯ ಪಕ್ಕದ ಒಂದು ಬಿಳಿ ಕಟ್ಟಡದ ಚಿತ್ರ ಹರಿದಾಡಿತು. ಅದು ಮಸೀದಿ ಎಂದು ಬರೆದು, ಅಪಘಾತಕ್ಕೆ ಒಂದು ಸಮುದಾಯವೇ ಕಾರಣ ಎಂಬಂತೆ ಹಬ್ಬಿಸಿದರು. ನೋಡಿದರೆ ಅದು ಇಸ್ಕಾನ್ ದೇವಸ್ಥಾನ. ಅಪಘಾತಕ್ಕೆ ಕೋಮು ಬಣ್ಣ ಬಳಿಯುವವರ ಮೇಲೆ ಕ್ರಮ ಕೈಗೊಳ್ಳುತ್ತೇವೆ ಎಂದು ಒಡಿಶಾ ಪೊಲೀಸರು ಎಚ್ಚರಿಸಬೇಕಾಯಿತು. ಸತ್ತವರ ಗುರುತು ಹಿಡಿಯಲು ಮನೆಯವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದ ದಿನಗಳಲ್ಲಿ ಇದೆಲ್ಲ ನಡೆಯಿತು.

ಇಂಥ ಮೆಸೇಜ್ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಡ್ರೈವರ್ ರೈಲನ್ನು ತಿರುಗಿಸಿದ ಎನ್ನುತ್ತದೆಯೇ? ರೈಲಿಗೆ ಸ್ಟಿಯರಿಂಗ್ ಇಲ್ಲ. ಅಲ್ಲಿಗೇ ಬಿಡಿ.

2. ಒಬ್ಬರ ಒಂದೇ ಬಟನ್ನಿನಿಂದ ಎಲ್ಲ ಆಯಿತು ಎನ್ನುತ್ತದೆಯೇ? ಹಾಗಾದರೆ ಇಂಟರ್‌ಲಾಕಿಂಗ್ ಯಾಕೆ ತಡೆಯಲಿಲ್ಲ ಎಂಬುದಕ್ಕೆ ಉತ್ತರ ಇದೆಯೇ?

3. ಅಪಘಾತವಾಗಿ ಎಷ್ಟು ಹೊತ್ತಾಯಿತು? ಬಾಲಸೋರಿನ ಕಾರಣ ತಿಳಿಯಲು ತನಿಖೆಗೆ ವಾರಗಳೇ ಬೇಕಾದವು. ಅರ್ಧ ಗಂಟೆಯಲ್ಲಿ ಕಾರಣ ಗೊತ್ತಾಗಿದೆ ಎನ್ನುವವರಿಗೆ ಅದು ಎಲ್ಲಿಂದ ಗೊತ್ತಾಯಿತು?

4. ಮೆಸೇಜು ಒಬ್ಬರ ಹೆಸರನ್ನೋ ಜಾತಿ-ಧರ್ಮವನ್ನೋ ಎತ್ತಿ ಹೇಳುತ್ತದೆಯೇ? ಹಳಿ, ತಂತಿ, ಸಿಗ್ನಲ್‌ಗಳಿಗೆ ಅದರ ಅಗತ್ಯವಿಲ್ಲ.

ನಿಮ್ಮವರು ಆ ರೈಲಿನಲ್ಲಿದ್ದರೆ ರೈಲ್ವೆಯ 139 ಸಂಖ್ಯೆಗೆ ಕರೆ ಮಾಡಿ, ಅಧಿಕೃತವಾಗಿ ಪ್ರಕಟಿಸಿದ ಸಹಾಯವಾಣಿಗಳನ್ನು ನೋಡಿ. ಗ್ರೂಪಿನ ಮೆಸೇಜು ಆ ಕೆಲಸ ಮಾಡುವುದಿಲ್ಲ.

ಕೊನೆಗೆ ಹೇಳುವುದಾದರೆ, ನಮ್ಮ ಮೊಬೈಲೂ ಒಂದು ಪಾಯಿಂಟೇ. ಬಂದ ಮೆಸೇಜು ಮುಂದೆ ಯಾವ ಕಡೆ ಹೋಗಬೇಕು, ಇಲ್ಲೇ ನಿಲ್ಲಬೇಕೇ ಎಂಬುದನ್ನು ತೀರ್ಮಾನಿಸುವುದು ನಮ್ಮ ಬೆರಳು. ಖಚಿತ ವರದಿ ಬರುವ ತನಕ ಅಲ್ಲಿಯೂ ಸಿಗ್ನಲ್ ಕೆಂಪಾಗಿಯೇ ಇರಲಿ.